ಸಾಕ್ಷಿ ಹೇಳುವುದೆಷ್ಟು

ಕಣ್ಣು ತಪ್ಪಬಹುದು, ಕಿವಿ ತಪ್ಪಬಹುದು, ಮನಸ್ಸೂ ತಪ್ಪಬಹುದು. ಸುಖ-ದುಃಖವನ್ನು ನೇರವಾಗಿ ಅರಿಯುವ ಸಾಕ್ಷಿ ಮಾತ್ರ ತಪ್ಪುವುದಿಲ್ಲ ಅನ್ನುತ್ತದೆ ಮಧ್ವಮತ. ತೀರ್ಥಹಳ್ಳಿಯ ಮನೆಯಲ್ಲಿ ಮಾವನವರು ಪಾಠ ಹೇಳುವಾಗ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡ ಮಾತಿದು. ಕನೆಕ್ಟಿಕಟ್‌ಗೆ ಬಂದು ಲೈಮ್ ರೋಗ ತಗುಲಿಸಿಕೊಂಡ ಮೇಲೆ ಅದು ಮತ್ತೆ ಮತ್ತೆ ನೆನಪಾಗುತ್ತದೆ.

ಲೈಮ್ ಇದೇ ರಾಜ್ಯದ ಒಂದು ಊರು. ಅಲ್ಲಿದ್ದ ಪಾಲಿ ಮರ್ರೆ ಎಂಬ ಗೃಹಿಣಿ ತನಗೂ ಮನೆಮಕ್ಕಳಿಗೂ ಬರುತ್ತಿದ್ದ ಕೀಲುಬಾವು, ದದ್ದು, ಜ್ವರಗಳನ್ನು ವರ್ಷಗಟ್ಟಲೆ ಬರೆದಿಟ್ಟರು. ವೈದ್ಯರು ನಂಬಲಿಲ್ಲ. 1975ರಲ್ಲಿ ಆಕೆಯೂ ಇನ್ನೊಬ್ಬ ತಾಯಿಯೂ ಆರೋಗ್ಯ ಇಲಾಖೆಗೆ ತಿಳಿಸಿದ ಮೇಲೆ ಯೇಲ್ ವಿಶ್ವವಿದ್ಯಾಲಯದ ವೈದ್ಯ ಆಲನ್ ಸ್ಟೀರ್ ವಿಚಾರಣೆಗಿಳಿದರು. ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಈ ರೋಗ ಹರಡುವ ಉಣುಗಿನ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡದ್ದು 1981ರಲ್ಲಿ. ಅಷ್ಟು ವರ್ಷ ಆ ತಾಯಂದಿರ ಕೈಯಲ್ಲಿದ್ದದ್ದು ಸಾಕ್ಷಿಯೊಂದೇ.

ನನ್ನನ್ನು ಕಚ್ಚಿದ್ದು ಗಸಗಸೆಯಷ್ಟಿದ್ದ ಮರಿ ಉಣುಗು. ಕಚ್ಚಿದ್ದು ಗೊತ್ತೇ ಆಗಲಿಲ್ಲ; ಆಮೇಲೆ ತೊಡೆಯ ಮೇಲೆ ಕೆಂಪು ಬಳೆ ಮೂಡಿತು. ವೈದ್ಯೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ತುಂಬ ನೀರು ಕುಡಿ, ನುಂಗಿದ ಕೂಡಲೇ ಮಲಗಬೇಡ, ಬಿಸಿಲಿಗೆ ಹೋಗಬೇಡ. ಹಾಲು, ಮೊಸರು, ಕಬ್ಬಿಣದ ಮಾತ್ರೆ ಇದರ ಜೊತೆ ಬೇಡ, ನಡುವೆ ಎರಡು-ಮೂರು ಗಂಟೆ ಬಿಡು. ಕ್ಯಾಲ್ಸಿಯಂ, ಕಬ್ಬಿಣ ಮದ್ದಿಗೆ ಅಂಟಿಕೊಂಡರೆ ಅದು ರಕ್ತಕ್ಕೆ ಇಳಿಯುವುದಿಲ್ಲವಂತೆ. ಅದು ಚಾತುರ್ಮಾಸ್ಯದಲ್ಲಿ ತರಕಾರಿ ಬಿಡುವ ತಿಂಗಳು. ಊರಿಗೆ ಫೋನ್ ಮಾಡಿದಾಗ ಅತ್ತೆ, “ಶಾಕವ್ರತದ ತಿಂಗಳಲ್ಲೇ ನಿನಗೆ ಕ್ಷೀರವ್ರತವೂ ಬಂತಲ್ಲೇ” ಎಂದು ನಕ್ಕರು. ಉಣುಗು ಹರಡುವ ಮಂಗನ ಕಾಯಿಲೆಯ ಸೀಮೆಯವರು. ಉಣುಗು ಎಂದರೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಯ ಜೆಲಾಟಿನ್ ಇರಬಹುದು ಎಂದು ನಾನು ಅನುಮಾನಿಸಿದರೆ, “ಔಷಧದಿಂದ ವ್ರತ ಕೆಡುವುದಿಲ್ಲ, ಸುಮ್ಮನೆ ನುಂಗು” ಅಂದರು. ಔಷಧದಂಗಡಿಯವರು ಮಾತ್ರೆಯ ರೂಪದಲ್ಲೇ ಕೊಟ್ಟರು, ಆ ಮಾತು ಅಲ್ಲಿಗೇ ಮುಗಿಯಿತು.

ಮುಗಿಯದ್ದು ಸುಸ್ತು. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ನೋವು, ಆಯಾಸ, ತಲೆಯ ಮಂಕು ತಿಂಗಳುಗಟ್ಟಲೆ ಉಳಿಯುತ್ತದೆ. ಆ್ಯಂಟಿಬಯೋಟಿಕ್ಕನ್ನು ಇನ್ನೂ ವಾರಗಟ್ಟಲೆ ಮುಂದುವರಿಸಿದರೆ ಹೆಚ್ಚಿನ ಗುಣವೇನೂ ಇಲ್ಲವೆಂದು 2016ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪ್ರಯೋಗ ತೋರಿಸಿತು. ವೈದ್ಯರ ಕೈ ಬರಿದಾದ ಈ ಜಾಗಕ್ಕೇ ಪಟ್ಟಿಗಳು ಬರುತ್ತವೆ: ಗೋಧಿ ಬಿಡು, ಸಕ್ಕರೆ ಬಿಡು, ಹಾಲು ಬಿಡು; ಅರಿಶಿನದ ಕ್ಯಾಪ್ಸೂಲ್, ಅಶ್ವಗಂಧ, ಬೆಳ್ಳಿಯ ದ್ರವ. ಅರಿಶಿನ, ಅಶ್ವಗಂಧದ ಕ್ಯಾಪ್ಸೂಲುಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳಿವೆ. ಬೆಳ್ಳಿ ಕುಡಿದರೆ ಚರ್ಮ ನೀಲಿಗಟ್ಟಿ ಹಾಗೇ ಉಳಿದುಬಿಡಬಹುದು.

ಗೋಧಿ ಬಿಟ್ಟ ವಾರ ನನ್ನ ಮಂಡಿ ಹಗುರಾಯಿತು. ಹಗುರಾದದ್ದು ಸಾಕ್ಷಿಗೆ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಧಿ ಬಿಟ್ಟದ್ದರಿಂದಲೇ ಹಗುರಾಯಿತು ಎಂಬುದು ಸಾಕ್ಷಿ ಕಂಡದ್ದಲ್ಲ, ನಾನು ಕಟ್ಟಿಕೊಂಡ ಊಹೆ. ಈ ನೋವು ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಇಳಿಯುವ ವಾರ ಏನು ಬಿಟ್ಟಿರುತ್ತೇವೋ ಅದಕ್ಕೆ ಕೀರ್ತಿ. ಸಂದೇಹವಿದ್ದಲ್ಲಿ ಪರೀಕ್ಷೆ ಬೇಕೆಂದು ಅದೇ ಮಧ್ವಮತ ಹೇಳುತ್ತದೆ. ಸಕ್ಕರೆಯನ್ನೇ ನೋಡಿ. ರೋಗಾಣು ಗ್ಲೂಕೋಸ್ ತಿನ್ನುತ್ತದೆ, ನಿಜ. ಆದರೆ ನಾನು ಪಾಯಸ ಬಿಟ್ಟರೂ ರಕ್ತದ ಗ್ಲೂಕೋಸನ್ನು ಯಕೃತ್ತು ಕಾಪಾಡಿಕೊಂಡೇ ಬರುತ್ತದೆ. ಕಬ್ಬಿಣ ಬಿಡು ಎನ್ನುವ ಕಥೆ ಇನ್ನೂ ಸೊಗಸು: ಬಹುತೇಕ ರೋಗಾಣುಗಳಿಗೆ ಕಬ್ಬಿಣ ಬೇಕೇ ಬೇಕು, ಇದು ಮ್ಯಾಂಗನೀಸ್‌ನಲ್ಲೇ ಸಂಸಾರ ಸಾಗಿಸುತ್ತದೆ. ಕಬ್ಬಿಣ ಬಿಟ್ಟು ಸೊರಗುವವಳು ನಾನೊಬ್ಬಳೇ.

ಬಿಡುವುದರ ಬಗ್ಗೆ ನನಗೆ ತಕರಾರಿಲ್ಲ. ಚಾತುರ್ಮಾಸ್ಯದಲ್ಲಿ ಒಂದೊಂದು ತಿಂಗಳು ಒಂದೊಂದನ್ನು ಬಿಟ್ಟು ಬೆಳೆದವಳು. ಆದರೆ ವ್ರತ ಮುಗಿಯಲು ಉತ್ಥಾನ ದ್ವಾದಶಿ ಇದೆ, ಮಕ್ಕಳಿಗೂ ಕಾಯಿಲೆಯವರಿಗೂ ವಿನಾಯಿತಿ ಇದೆ, ಕೊನೆಗೆ ಎಲ್ಲವೂ ಕೃಷ್ಣಾರ್ಪಣ. ಈ ಪಟ್ಟಿಗಳಿಗೆ ಕೊನೆಯಿಲ್ಲ. ನೋವು ಮರಳಿದರೆ “ಏನೋ ತಿಂದಿರಬೇಕು ನೀನು” ಎನ್ನುತ್ತಾರೆ ಪಟ್ಟಿ ಕೊಟ್ಟವರು. ಪಾಲಿ ಮರ್ರೆಗೆ ವೈದ್ಯರು ಮಾಡಿದ್ದೂ ಇದನ್ನೇ ಅಲ್ಲವೇ? ಅಂದು ಆಕೆಯ ನೋವನ್ನು ನಂಬಲಿಲ್ಲ. ಇಂದು ನೋವನ್ನು ನಂಬಿ, ನೋವುಂಡವಳನ್ನು ನಂಬುವುದಿಲ್ಲ. ಯಾವುದು ಹೆಚ್ಚು ಕ್ರೂರ ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಸುಸ್ತು ಹೋಗದಿದ್ದಾಗ ವೈದ್ಯೆ ರಕ್ತದಲ್ಲಿ ಬಿ12 ನೋಡಿಸಿದರು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಅದು ಕಡಿಮೆಯಾಗುವುದು ಹೊಸದೇನಲ್ಲ. ಸುಸ್ತು, ಮಂಕು, ಪಾದದ ಜುಮ್ಮು ಅದರಿಂದಲೂ ಬರುತ್ತವೆ. ನನಗೂ ಕಡಿಮೆಯೇ ಇತ್ತು. ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ, ಜುಮ್ಮು ಇಳಿದಿದೆ. ಸುಸ್ತಿನಲ್ಲಿ ಲೈಮ್‌ನ ಪಾಲೆಷ್ಟು, ಬಿ12ರದ್ದೆಷ್ಟು ಎಂದು ಪಾಲು ಮಾಡಿ ಹೇಳುವವರು ಯಾರೂ ಸಿಕ್ಕಿಲ್ಲ. ದ್ವಿದಳವ್ರತದ ತಿಂಗಳು ಹತ್ತಿರ ಬಂದಾಗ ಅತ್ತೆಯನ್ನು ಕೇಳಿದೆ. “ಬೇಳೆಯನ್ನೂ ಬಿಟ್ಟರೆ ತಿನ್ನುವುದೇನನ್ನು? ನಿನ್ನ ಪಾಲಿನದನ್ನೂ ನಾನೇ ಮಾಡುತ್ತೇನೆ, ನೀನು ತೊವ್ವೆ ಮಾಡಿಕೊಂಡು ಉಣ್ಣು” ಅಂದರು.