ಕಣ್ಣಿಗೆ ಹಿತವಾದ ಬಣ್ಣವೇ ನಿಜವೇ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಂಥ ಝಗಮಗಿಸುವ ಪೇಟೆಯಲ್ಲಿ ಗಿರಾಕಿಯ ಕಣ್ಣು ಸೆಳೆಯಲೆಂದೇ ಟಿ.ವಿ.ಗಳಲ್ಲಿ ‘ವಿವಿಡ್’ ಮೋಡ್ ಇದೆ: ಬಿಳಿ ನೀಲಿಗೆ ವಾಲುತ್ತದೆ, ಕೆಂಪು ಉರಿಯುತ್ತದೆ. ಜಿಐ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯ ಕಂದುಗೆಂಪು ಸಿಪ್ಪೆ ಅದರಲ್ಲಿ ಬಣ್ಣ ಬಳಿದ ಹಾಗೆ ಕಾಣುತ್ತದೆ. ಮನೆಯಲ್ಲಿ ‘ಸಿನಿಮಾ’ ಮೋಡ್ ಆರಿಸಿ, ಕಲರ್ ಟೆಂಪರೇಚರ್ ‘ವಾರ್ಮ್’ಗೆ ಇಟ್ಟರೆ ಬಿಳಿ ಸುಮಾರು 6500 ಕೆಲ್ವಿನ್‌ನ ಮಾನದಂಡದ ಹತ್ತಿರ ಬರುತ್ತದೆ. ಮೊದಲು ಪರದೆ ಹಳದಿ ಎನಿಸುತ್ತದೆ. ಕಣ್ಣು ಒಗ್ಗಿದ ಮೇಲೆ ಹಳೆಯ ಬಿಳಿಯೇ ಅತಿ ನೀಲಿ ಎನಿಸುತ್ತದೆ. ಹಾಗಾದರೆ ಹಿತ ಎಂಬುದು ಬಹುಪಾಲು ರೂಢಿ. ಅದನ್ನು ಸತ್ಯದ ಸಾಕ್ಷಿಯಾಗಿ ಒಪ್ಪಲಾಗದು.

ಬಣ್ಣವೇ ನೋಡುವವರ ಅನುಭವ, ಅದರಲ್ಲಿ ಸರಿ ತಪ್ಪು ಎಲ್ಲಿಯದು ಎಂದು ಕೇಳಬಹುದು. ಆಕ್ಷೇಪ ಹಗುರವಲ್ಲ. ಇದೇ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಶ್ರಯ ಪಡೆದ ಜೈನ ಚಿಂತನೆಯೂ ವಸ್ತುವಿಗೆ ಹಲವು ಮುಖಗಳಿವೆ ಎಂದೇ ಹೇಳುತ್ತದೆ; ಅದೇ ಅನೇಕಾಂತವಾದ. ಆದರೆ ಯಾವ ನೆಲೆಯಿಂದ ನೋಡಿದ್ದು ಎಂದು ಹೇಳಬೇಕೆಂಬುದೂ ಅದರ ಷರತ್ತು. ಟಿ.ವಿ.ಯ ವಿಷಯದಲ್ಲಿ, ಚಿತ್ರ ಮಾಡಿದವರು ಬಣ್ಣ ತೂಗುವ ನೆಲೆಯೇ ಆ 6500 ಕೆಲ್ವಿನ್‌ನ ಮಾನದಂಡ. ಅದನ್ನು ಬಿಡುವ ಹಕ್ಕು ನಮಗಿದೆ. ಆಗ ಕಾಣುವುದು ಮಾತ್ರ ಅವರು ಮಾಡಿದ ಚಿತ್ರವಲ್ಲ. ಒಂದು ವಾರ ‘ವಾರ್ಮ್’ನಲ್ಲೇ ನೋಡಿ, ಆಮೇಲೆ ತೀರ್ಮಾನಿಸಿ.