ನಡುವೆ ನಿಂತ ಪ್ರದಕ್ಷಿಣೆ

ಕೈಲಾಸಯಾತ್ರಿಕನು ಶಿಖರವನ್ನು ಏರುವವನಲ್ಲ. ಸುಮಾರು 52 ಕಿಲೋಮೀಟರುಗಳ ದಾರಿಯಲ್ಲಿ ಅದನ್ನು ಬಲಗೊಂಡು ಬರುವವನು. ಆ ದಾರಿಯ ಡೋಲ್ಮಾ ಕಣಿವೆಯು 5,600 ಮೀಟರುಗಳಿಗೂ ಮೇಲಿರುವುದು. ಅಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದರ ಅರ್ಧದಷ್ಟು ಮಾತ್ರ. ಎತ್ತರದ ರೋಗವು ಮಿದುಳಿಗಾಗಲಿ ಶ್ವಾಸಕೋಶಕ್ಕಾಗಲಿ ತಗುಲಿದರೆ, ತಡಮಾಡದೆ ಕೆಳಗಿಳಿಸುವುದೇ ಮುಖ್ಯವಾದ ಚಿಕಿತ್ಸೆ.

ಧರ್ಮಸಂಕಟವು ಹುಟ್ಟುವುದು ಇಲ್ಲಿಯೇ. ಒಡನಾಡಿಯು ಕುಸಿದನು, ಕೈಹಿಡಿದು ಇಳಿಸಲು ಒಬ್ಬನು ಹಿಂದಿರುಗಬೇಕು. ಹಿಂದಿರುಗಿದವನಿಗೆ ಮತ್ತೊಮ್ಮೆ ಅವಕಾಶವು ಒದಗೀತೆ? ಭಾರತದಿಂದ ಹೊರಡುವ ಈ ಯಾತ್ರೆಯು 2020ರಲ್ಲಿ ನಿಂತು, 2025ರಲ್ಲಿಯಷ್ಟೆ ಪುನಃ ಆರಂಭವಾಯಿತು.

ದ್ರೌಪದಿಯೂ ತಮ್ಮಂದಿರೂ ಬಿದ್ದಾಗ ಯುಧಿಷ್ಠಿರನು ಹಿಂದಿರುಗಿ ನೋಡಲಿಲ್ಲವಷ್ಟೆ ಎಂದು ಕೆಲವರು ಆಕ್ಷೇಪಿಸಬಹುದು. ಅಹುದು, ಆದರೆ ಅವರೆಲ್ಲರೂ ದೇಹದ ಆಸೆಯನ್ನು ತೊರೆದೇ ಹೊರಟವರು, ಬಿದ್ದವರಿಗೆ ಮಾಡಬಹುದಾದ ಉಪಚಾರವು ಯಾವುದೂ ಉಳಿದಿರಲಿಲ್ಲ. ಅದೇ ಯುಧಿಷ್ಠಿರನು, ಜೀವವಿದ್ದು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನು ಏರಲು ಒಪ್ಪಲಿಲ್ಲ. ಮಹಾಪ್ರಸ್ಥಾನದ ಕಥೆಯಿಂದ ಮೊದಲ ಭಾಗವನ್ನು ಮಾತ್ರ ತೆಗೆದುಕೊಳ್ಳುವುದು ನ್ಯಾಯವಲ್ಲ.

ಆದುದರಿಂದ ಇಳಿದುಬಂದವನು ಯಾತ್ರೆಯಿಂದ ಭ್ರಷ್ಟನಾದವನಲ್ಲ. ಆದರೂ ಅವನ ನಷ್ಟವು ಸುಳ್ಳಲ್ಲ. ಪುಣ್ಯದ ಲೆಕ್ಕವನ್ನು ಹೇಳಿ ಅದನ್ನು ಹಗುರಮಾಡುವುದು ಸಲ್ಲದು. ರೋಗಿಗೂ ಒಂದು ಧರ್ಮವುಂಟು: ತಲೆನೋವು, ಉಬ್ಬಸಗಳನ್ನು ಮರೆಮಾಡಿ ಮುಂದೆ ನಡೆಯುವವನು ತನ್ನ ಪ್ರಾಣದೊಡನೆ ಮತ್ತೊಬ್ಬನ ಯಾತ್ರೆಯನ್ನೂ ಪಣವಾಗಿ ಒಡ್ಡುತ್ತಾನೆ. ಮೊದಲ ವಿಶ್ರಾಂತಿಯಲ್ಲಿಯೇ “ನನ್ನಿಂದಾಗದು” ಎಂದು ಒಪ್ಪಿಕೊಳ್ಳುವ ವಿನಯವು ಕಣಿವೆಯನ್ನು ದಾಟುವ ಧೈರ್ಯಕ್ಕಿಂತ ಕಡಿಮೆಯ ತಪಸ್ಸಲ್ಲ.