ಸರತಿಯ ಹಿಂದೆ ನಿಂತವರು

ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಸುಬ್ರಹ್ಮಣ್ಯನ ಮುಖ ಪೂರ್ವಕ್ಕೆ, ನರಸಿಂಹನದು ಪಶ್ಚಿಮಕ್ಕೆ. ಎದುರು ನಿಂತವರಿಗೆ ನರಸಿಂಹ ಕಾಣುವುದಿಲ್ಲವೆಂದು ಹಿಂಬದಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ದೇವರನ್ನು ತಿರುಗಿಸುವ ಗೊಡವೆಯಿಲ್ಲದೆ, ನಿಂತಲ್ಲಿಂದಲೇ ಕಾಣುವ ದಾರಿ ಮಾಡಿದ್ದಾರೆ.

ಇಂಥದೊಂದು ಕನ್ನಡಿ ಬೇಕಾಗುವ ಇನ್ನೊಂದು ಜಾಗ ಕಚೇರಿಯ ಪ್ರಿಂಟರ್. ಅದು ಒಂದೇ ಕಂಪ್ಯೂಟರಿಗೆ ಕೇಬಲ್ಲಿನಿಂದ ಅಂಟಿಕೊಂಡಿರುವಾಗ ತೊಡಕಿಲ್ಲ. ಕಾಗದ ಸಿಕ್ಕಿಕೊಂಡರೂ ಕಣ್ಣೆದುರೇ. ಅದನ್ನೇ ವೈಫೈಗೆ ಸೇರಿಸಿ, ರೂಟರ್ ಅದಕ್ಕೊಂದು ವಿಳಾಸ ಕೊಟ್ಟು, ಹತ್ತು ಕೋಣೆಗಳಿಂದ ಹತ್ತು ಜನ ಕಳಿಸತೊಡಗಿದರೆ ಅದೊಂದು ಸರತಿಯ ಸಾಲು. ರೇಷನ್ ಅಂಗಡಿಯ ಸಾಲಿನಲ್ಲಿ ಹಿಂದಿನವರ ಗೊಣಗಾಟವಾದರೂ ಕೇಳುತ್ತದೆ. ಇಲ್ಲಿ ಅದೂ ಇಲ್ಲ. ಐವತ್ತು ಪುಟ ಕಳಿಸಿದವನಿಗೆ, ಹಿಂದೆ ಒಂದೇ ಪುಟಕ್ಕಾಗಿ ಕಾಯುತ್ತಿರುವವಳ ಅರಿವಿಲ್ಲ. ಕಾಣದವರ ಬಗೆಗೂ ನಮಗೆ ಹೊಣೆ ಇದೆಯೇ?

1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ಈ ಪ್ರಶ್ನೆ ಎದ್ದಿತ್ತು. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆಲ್ಲ ಸುದ್ದಿ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ಅದರ ಪ್ರೋಗ್ರಾಂ ತಿದ್ದಿದ್ದರು. ಹೊಸದಾಗಿ ಬಂದ ಝೆರಾಕ್ಸ್ ಲೇಸರ್ ಪ್ರಿಂಟರಿನ ಪ್ರೋಗ್ರಾಂ ತಿದ್ದಲು ಅದರ ಮೂಲ ಬರಹವೇ ಸಿಗಲಿಲ್ಲ. ಅದನ್ನು ಹೊಂದಿದ್ದ ಒಬ್ಬರು, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದರು. ಆ ನಿರಾಕರಣೆ ಸ್ಟಾಲ್‌ಮನ್‌ರನ್ನು ಬಿಡದೆ ಕಾಡಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿ ಸ್ವತಂತ್ರ ತಂತ್ರಾಂಶದ ಚಳವಳಿಗೆ ತೊಡಗಿದ್ದರ ಹಿಂದೆ ಈ ಪ್ರಸಂಗವೂ ಇದೆ.

ನಮ್ಮಲ್ಲಿ ‘ಭೂಮಿ’ ಯೋಜನೆಗೆ ಮೊದಲು ಪಹಣಿ ಇದ್ದದ್ದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ಅವರು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. 2000ದ ಆಚೀಚೆ ತಾಲ್ಲೂಕು ಕಚೇರಿಗಳ ಕೇಂದ್ರಗಳಲ್ಲಿ 15 ರೂಪಾಯಿಗೆ ಅದು ಪ್ರಿಂಟಾಗಿ ಬರತೊಡಗಿತು. ಅಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನೂ ಇಟ್ಟರು, ಒಳಗೆ ನಡೆಯುವುದು ಕೌಂಟರಿನ ಈಚೆಗೂ ಕಾಣಲೆಂದು. ಕಾಯುವವರಿಗೆ ಮೊದಲು ಸಲ್ಲಬೇಕಾದದ್ದು ಸುದ್ದಿ. ಎಷ್ಟು ಹೊತ್ತು, ಯಾಕೆ ತಡ ಎಂದು ಗೊತ್ತಿದ್ದರೆ ಮನುಷ್ಯ ಕಾಯಬಲ್ಲ, ಇಲ್ಲವೇ ಎದ್ದು ಬೇರೆ ಕೆಲಸಕ್ಕೆ ಹೋಗಬಲ್ಲ. ಗೊತ್ತಿಲ್ಲದವನು ಸುಮ್ಮನೆ ಅಂಗಲಾಚಬೇಕು.

ಆದರೆ ಎಲ್ಲವೂ ಎಲ್ಲರಿಗೂ ಕಾಣಲಿ ಎಂದರೆ ಅದು ಇನ್ನೊಂದು ಅನ್ಯಾಯ. ಟ್ರೇಯಲ್ಲಿ ಬಿದ್ದಿರುವುದು ಯಾರದೋ ರಕ್ತಪರೀಕ್ಷೆಯ ವರದಿ, ಇನ್ನಾರದೋ ರಾಜೀನಾಮೆ. ಸರತಿಯ ಪಟ್ಟಿಯಲ್ಲಿ ಮೂಡುವ ಕಡತದ ಹೆಸರೇ ಒಮ್ಮೊಮ್ಮೆ ಗುಟ್ಟು ಬಿಟ್ಟುಕೊಡುತ್ತದೆ. ಹಲವು ಕಚೇರಿ ಪ್ರಿಂಟರುಗಳಲ್ಲಿ ಪಿನ್ ಒತ್ತಿದ ಮೇಲಷ್ಟೇ ಹಾಳೆ ಬರುವ ಅನುಕೂಲ ಇರುವುದು ಇದಕ್ಕೇ.

ಹಾಗಾದರೆ ಗೆರೆ ಎಲ್ಲಿ? ನನಗೆ ತೋರುವುದಿಷ್ಟು: ಸಾಲು ಎಷ್ಟು ಉದ್ದ, ಯಂತ್ರ ಯಾಕೆ ನಿಂತಿದೆ ಎಂಬುದು ಎಲ್ಲರದು, ಹಾಳೆಯಲ್ಲಿರುವುದು ಕಳಿಸಿದವರದು. ಪಾಸ್‌ವರ್ಡ್ ಕೈಲಿರುವವರು ಇದನ್ನು ತಿರುವುಮುರುವು ಮಾಡಬಲ್ಲರು: ಎಲ್ಲರ ಹಾಳೆ ತಮಗೆ ಕಾಣುವಂತೆ, ಸಾಲು ಯಾರಿಗೂ ಕಾಣದಂತೆ. ಆಗ ಹಂಚಿಕೊಂಡ ಯಂತ್ರವೂ ಒಬ್ಬರದೇ ಆಗಿಬಿಡುತ್ತದೆ.

ಪ್ರಿಂಟರ್ ಜೋಡಿಸಿದ ಮೇಲೆ ಪರೀಕ್ಷಾ ಪುಟ ಹೊರಬಂದರೆ ಕೆಲಸ ಮುಗಿಯಿತೆನ್ನುತ್ತೇವೆ. ನಮ್ಮ ಮಾತು ಯಂತ್ರಕ್ಕೆ ತಲುಪಿತು ಎಂದಷ್ಟೇ ಆ ಪುಟ ಹೇಳೀತು. ಹಿಂದೆ ಕಾಯುತ್ತಿರುವವರಿಗೆ ಸುದ್ದಿ ತಲುಪುವ ದಾರಿಯನ್ನು ಜೋಡಿಸುವ ಕೆಲಸ ಇನ್ನೂ ಉಳಿದಿರುತ್ತದೆ.